ಗಂಜ್‌ನಾಗ ಕುಂತು ಆನ್‌ಲೈನ್ ಎಂ.ಎ. ಸೋಷಿಯಾಲಜಿ ಮುಗಿಸಿದೆ, ಹೆಂಗಿತ್ತು ಅಂತ ಕೇಳೋರಿಗೆ

ಐದಕ್ಕ ಮೂರೂವರಿ ಸ್ಟಾರ್. ಆ ಅರ್ಧ ಸ್ಟಾರ್ ಒಬ್ಬ ಮೇಡಂ ಸಲುವಾಗಿ ಕೊಟ್ಟಿದ್ದು, ಮುಂದ ಹೇಳ್ತೀನಿ. ಯೂನಿವರ್ಸಿಟಿ ಹೆಸರು ಮಾತ್ರ ಬರಿಯಂಗಿಲ್ಲ, ಕೇಳಬ್ಯಾಡ್ರಿ, ಯಾಕಂದ್ರ ನಾ ಹೇಳೋ ತಕರಾರು ಒಂದೇ ಕಡಿದಲ್ಲ, ನನ್ನ ದೋಸ್ತರು ಇಬ್ಬರು ಬ್ಯಾರೆ ಬ್ಯಾರೆ ಕಡಿ ಮಾಡ್ಯಾರ, ಅವರದೂ ಇದೇ ಕಥಿ. ಪ್ರೈವೇಟ್ ಅದ, ಕರ್ನಾಟಕದ ಹೊರಗಿಂದು, ಎರಡು ವರ್ಷ, ನಾಕು ಸೆಮಿಸ್ಟರ್, 80 ಕ್ರೆಡಿಟ್. 2023ರ ಜುಲೈದಾಗ ಸೇರಿದೆ, ಹೇಳಿದ ಟೈಮಿಗೇ ಮುಗಿಸಿದೆ, ಮಾರ್ಕ್ಸ್ ಕಾರ್ಡ್ ಕೈಗಿ ಬರ್ಲಿಕ್ಕಿ ಮತ್ತ ಐದು ತಿಂಗಳು ಹಿಡೀತು.

ನಾ ಯಾರಂದ್ರ, ಕಲಬುರಗಿ ನೆಹರು ಗಂಜ್ ಅಂದ್ರ ಕಾಳಿನ ಮಾರ್ಕೆಟ್‌ನಾಗ ಒಂದು ಅಡತಿ ಅಂಗಡ್ಯಾಗ (ರೈತರ ಮಾಲು ಮಾರಿಸಿ ಕಮಿಷನ್ ತಗೊಳ್ಳೋ ಅಂಗಡಿ) ಲೆಕ್ಕ ಬರಿಯಾವ. ಹನ್ನೊಂದು ವರ್ಷ ಆಯ್ತು. ಬಿ.ಎ. ಕನ್ನಡ ಮೀಡಿಯಂ. ದಿನಾ ಕಮ್ಮಿ ಅಂದ್ರೂ ಐವತ್ತು ಮಂದಿ ಜೋಡಿ ಮಾತು, ರೈತರು, ಹಮಾಲರು, ಖರೀದಿದಾರರು, ಲಾರಿ ಡ್ರೈವರ್‌ಗಳು, ಒಬ್ಬೊಬ್ಬರದು ಒಂದೊಂದು ನಮೂನಿ. ಇವತ್ತು ಬೈದು ಹೋದ ರೈತ ನಾಳಿ ಅದೇ ಅಂಗಡಿಗೆ ಚೀಲ ತಂದು ಇಳಸ್ತಾನ, ಬಾಜು ಅಂಗಡಿಯವ ಚಾ ಕುಡಿಸಿ ಕರದ್ರೂ ಹೋಗಂಗಿಲ್ಲ. ಯಾಕ? ಈ ಯಾಕಕ್ಕ ಉತ್ತರ ಸಿಗ್ತಾದೇನೋ ಅಂತ ಸೇರಿದ್ದು, ನೌಕರಿ ಸಲುವಾಗಿ ಅಲ್ಲ ಖರೇ ಹೇಳ್ಬೇಕಂದ್ರ. ಮೊದಲ ಸೈಕಾಲಜಿ ಮಾಡ್ಬೇಕಂತ ಇತ್ತು, ಅದರ ಫೀ ಹೆಚ್ಚಿತ್ತು, ನನಗ ಬಿ.ಎ.ದಾಗ ಸಮಾಜಶಾಸ್ತ್ರ ಇತ್ತು, ಫೋನ್ ಮಾಡಿದ ಕೌನ್ಸಿಲರ್ "ಸರ್ ಇದೂ ಹ್ಯೂಮನ್ ಬಿಹೇವಿಯರ್ರೇ" ಅಂದ, ಸೇರಿಬಿಟ್ಟೆ.

ಆ ಕೌನ್ಸಿಲರ್ ಬಗ್ಗೆ ಒಂದು ಮಾತು. ದಿನಕ್ಕ ಮೂರು ಸಲ ಫೋನ್, ಪ್ರತಿ ಸಲ "ಇವತ್ತೇ ಲಾಸ್ಟ್ ಡೇಟ್ ಸರ್". ಆ ಲಾಸ್ಟ್ ಡೇಟ್ 22 ದಿನ ನಡೀತು. ಫೀ ಕಟ್ಟಿದ ಮ್ಯಾಲ ಅದೇ ಹುಡುಗ ಫೋನ್ ಎತ್ತೋದೇ ಬಿಟ್ಟ. ಗಂಜ್‌ನಾಗ ಹಿಂಗ ಮಾಡಿದ್ರ ಎರಡನೇ ಸೀಜನ್ನಿಗಿ ಅಂಗಡಿ ಮುಚ್ಚಬೇಕಾಗ್ತಿತ್ತು.

ಓದೋ ಸಾಮಾನು ಏನು ಕೊಡ್ತಾರಂದ್ರ, ರೆಕಾರ್ಡ್ ಮಾಡಿದ ವಿಡಿಯೋ, ಪಿಡಿಎಫ್ ಪುಸ್ತಕ, ವಾರಕ್ಕೊಂದು ಲೈವ್ ಕ್ಲಾಸ್, ಮತ್ತ ಕ್ವಿಜ್. ವಿಡಿಯೋ ಅರ್ಧಕ್ಕರ್ಧ ಸ್ಲೈಡ್ ಓದಿ ಹೇಳೋದೇ, ಒಂದೂವರಿ ಸ್ಪೀಡಿಗೆ ಇಟ್ಟು ನೋಡಿದ್ರೂ ನಿದ್ದಿ ಬರ್ತಾದ. ಎಲ್ಲಾ ಇಂಗ್ಲಿಷ್. ಕನ್ನಡ ಮೀಡಿಯಂದಾಗ ಓದಿದವರಿಗಿ ಮೊದಲ ಸೆಮಿಸ್ಟರ್ ಹಲ್ಲಾಗ ಕಲ್ಲು ಸಿಕ್ಕಂಗ. ಏಲಿಯನೇಷನ್, ಅಂದ್ರ ದುಡಿಯಾವಗ ತನ್ನ ದುಡಿಮಿನೇ ಪರಕೀಯ ಆಗೋದು, ಇದು ನನಗ ತಿಳೀಲಿಕ್ಕಿ ಎರಡು ರಾತ್ರಿ ಹಿಡೀತು. ಆಮ್ಯಾಲ ಹೊಳೀತು, ನಮ್ಮ ಹಮಾಲ್ ಒಬ್ಬ ಯಾವಾಗೂ ಅಂತಾನ, "ದಿನಾ ಇನ್ನೂರು ಚೀಲ ತೊಗರಿ ಹೊರ್ತೀನಿ, ಮನ್ಯಾಗ ಬ್ಯಾಳಿ ಪಾವಕಿಲೋ ತರ್ತೀನಿ" ಅಂತ. ಕಾರ್ಲ್ ಮಾರ್ಕ್ಸ್ ಹೇಳಿದ್ದಕ್ಕೂ ಇದಕ್ಕೂ ಏನು ಭಾಳ ಫರಕ್ ಅದ?

ಲೆಕ್ಕ ಬರಿಯಾವ ನಾನು, ಲೆಕ್ಕ ಹಾಕ್ದೆ. ಒಂದು ಕ್ರೆಡಿಟ್ ಅಂದ್ರ 30 ತಾಸು ಓದು. ಸೆಮಿಸ್ಟರ್‌ಗಿ 20 ಕ್ರೆಡಿಟ್, ಅಂದ್ರ 600 ತಾಸು, ಆರು ತಿಂಗಳಿಗಿ ಹಂಚಿದ್ರ ದಿನಾ ಮೂರು ತಾಸಿನ ಮ್ಯಾಲ ಬೀಳ್ತಾದ. ಕೆಲಸ ಮಾಡ್ಕೋತ ಯಾವ ಪುಣ್ಯಾತ್ಮ ಓದ್ತಾನೋ ಗೊತ್ತಿಲ್ಲ, ನಾ ರಾತ್ರಿ ಊಟ ಆದ್ಮ್ಯಾಲ ಒಂದೂವರಿ ತಾಸು ಓದಿದ್ದೇ ದೊಡ್ಡದು. ಮ್ಯಾಲಿಂದ ಒಂದನೇ, ಮೂರನೇ ಸೆಮಿಸ್ಟರ್ ಪರೀಕ್ಷಾ ಜನವರಿದಾಗ. ಜನವರಿ ಅಂದ್ರ ಗಂಜ್‌ನಾಗ ತೊಗರಿ ಸೀಜನ್ ಭರ್ತಿ, ಊಟ ಮಾಡ್ಲಿಕ್ಕೂ ಟೈಮ್ ಇರಂಗಿಲ್ಲ. ಸಾವ್ಕಾರ್ರಿಗಿ ಹೆಂಗ ಹೇಳಿ ರಜಾ ತಗೊಂಡೆ ಅನ್ನೋದು ನನಗೇ ಗೊತ್ತು.

ಈಗ ಚೊಲೋ ಇದ್ದದ್ದು ಹೇಳ್ತೀನಿ. ಎರಡನೇ ಸೆಮಿಸ್ಟರ್‌ದಾಗ ಕುಟುಂಬ, ಬಂಧುತ್ವ ಅಂತ ಒಂದು ಪೇಪರ್, ಅದನ್ನ ಹೇಳಿದ ಮೇಡಂ ಸ್ಲೈಡ್ ಇಡೋದೇ ಇಲ್ಲ, ಬರೇ ಮಾತು, ಪ್ರಶ್ನಿ ಕೇಳೋದು. ಆ ಅರ್ಧ ಸ್ಟಾರ್ ಈಕಿದೇ. ಒಂದಿನ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಾಗ ಉತ್ತರ ದಕ್ಷಿಣದ ಮದಿವಿ ಪದ್ಧತಿ ಹೋಲಿಸಿ ಬರೆದದ್ದು ಹೇಳ್ಲತ್ತಿದ್ರು, ಉತ್ತರದಾಗ ಹೆಣ್ಣು ಗುರ್ತಿಲ್ಲದ ಮನಿಗಿ ಹೋಗ್ತಾಳ, ದಕ್ಷಿಣದಾಗ ಭಾಳ ಸಲ ಗುರ್ತಿದ್ದ ಮನಿಗೇ ಹೋಗ್ತಾಳ ಅಂತ. ಸೋದರಮಾವನ ಮಾತು ಬಂತು ನೋಡ್ರಿ, ಹರಿಯಾಣದ ಹುಡುಗರು ಚಾಟ್‌ನಾಗ "ಛೀ ಛೀ" ಅಂತ ಹಾಕ್ಲಿಕ್ಕಿ ಶುರು ಮಾಡಿದ್ರು. ಅವರ ಕಡಿ ಅದೇ ಗೋತ್ರ, ಅದೇ ಊರು ಅಂದ್ರೂ ಮದಿವಿ ನಡಿಯಂಗಿಲ್ಲ, ಅಕ್ಕನ ಮಗಳು ಅಂದ್ರ ಸ್ವಂತ ಮಗಳಿದ್ದಂಗ. ನಾ ಮೈಕ್ ಆನ್ ಮಾಡಿ ನನ್ನ ಹರಕ ಇಂಗ್ಲಿಷ್‌ನಾಗ ಹೇಳ್ದೆ, ನಮ್ಮವ್ವ ನಮ್ಮಪ್ಪಗ ಖಾಸಾ ಅಕ್ಕನ ಮಗಳು ಅಂತ. ಎರಡು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮ್ಯಾಲ ಅಸ್ಸಾಂದ ಹುಡುಗಿ ಕೇಳಿದ್ಲು, ಹಂಗಾದ್ರ ನಿಮ್ಮಜ್ಜಿ ನಿಮಗ ಏನಾಗ್ಬೇಕು ಅಂತ. ಅಪ್ಪನ ಅಕ್ಕನೂ ಅಕಿನೇ, ಅವ್ವನ ಅವ್ವನೂ ಅಕಿನೇ, ನಾ ಸಣ್ಣಾಂವ ಇದ್ದಾಗಿಂದ ಆಯಿ ಅಂತೇ ಕರ್ದೀನಿ, ಅತ್ತಿ ಅನ್ನೋದು ತಲಿಗೇ ಬಂದಿದ್ದಿಲ್ಲ. ಎಲ್ಲಾರೂ ನಕ್ರು, ನಾನೂ ನಕ್ಕೆ, ಆ "ಛೀ" ಅಂದ ಹುಡುಗ ಆಮ್ಯಾಲ ಸಾರಿ ಭೈಯಾ ಅಂತ ಮೆಸೇಜ್ ಹಾಕಿದ.

ಮನಿಗಿ ಬಂದು ಅವ್ವಗ ಕೇಳ್ದೆ, ಗುರ್ತಿದ್ದ ಮನಿಗಿ ಮದಿವಿ ಆಗಿ ಬಂದ್ರ ಆರಾಮ ಇರ್ತಾದಂತ ಪುಸ್ತಕದಾಗ ಬರ್ದಾರ, ಖರೇನಾ ಅಂತ. ರೊಟ್ಟಿ ಬಡೀಲತ್ತಿದ್ಲು, ಕೈ ನಿಲ್ಲಿಸಲೇ ಇಲ್ಲ. "ಆರಾಮೇನೋ ಇತ್ತು ತಮ್ಮಾ, ಆದ್ರ ಗಂಡನ ಮ್ಯಾಲ ಸಿಟ್ಟು ಬಂದು ತವರಿಗಿ ಹೋದ್ರ ನಮ್ಮವ್ವಗ ಅವ ತಮ್ಮ. ಯಾರ ಕಡಿ ಮಾತಾಡ್ತಾಳ ಅಕಿ?" ಇದನ್ನ ನಾ ಅಸೈನ್‌ಮೆಂಟ್‌ನಾಗ ಬರ್ದೆ. ಮೇಡಂ ಬಾಜುಕ್ಕ ಕೆಂಪು ಅಕ್ಷರದಾಗ ಎರಡು ಸಾಲು ಬರೆದು ಹತ್ತಕ್ಕ ಒಂಬತ್ತು ಕೊಟ್ರು. ಇಡೀ ಎರಡು ವರ್ಷದಾಗ ನನ್ನ ಉತ್ತರ ಯಾರೋ ಪೂರ್ತಿ ಓದ್ಯಾರ ಅಂತ ಅನಿಸಿದ್ದು ಅದೊಂದೇ ಸಲ.

ಕಲಬುರಗ್ಯಾಗೇ ಇದ್ದು ಕ್ಲಾಸಿಗಿ ಹೋಗಿದ್ರ ಹರಿಯಾಣದವ, ಅಸ್ಸಾಂದಾಕಿ ಒಂದೇ ಕ್ಲಾಸ್‌ನಾಗ ಸಿಗ್ತಿದ್ದಿಲ್ಲ, ಇದು ಆನ್‌ಲೈನ್‌ದ್ದು ದೊಡ್ಡ ಫಾಯದಾ.

ಇನ್ನಾ ಸೋಷಿಯಲ್ ಸೈಕಾಲಜಿ ಅಂತ ಒಂದು ಪೇಪರ್ ಇತ್ತು, ನನಗ ಬೇಕಾಗಿದ್ದದ್ದು ಅದೇ. ಸೊಲೊಮನ್ ಆ್ಯಶ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ, ಅವನ 1951ರ ಪ್ರಯೋಗ, ಒಂದು ಗೆರಿ ತೋರಿಸಿ ಇದಕ್ಕ ಸಮ ಯಾವ ಗೆರಿ ಅದ ಅಂತ ಕೇಳೋದು, ಸಣ್ಣ ಹುಡುಗರೂ ಹೇಳೋವಂಥ ಪ್ರಶ್ನಿ. ಆದ್ರ ಜೋಡಿ ಕುಂತವರೆಲ್ಲಾ ಮೊದಲೇ ಹೇಳಿಕೊಟ್ಟಂಗ ಬೇಕಂತ ತಪ್ಪು ಹೇಳ್ತಾರ, ಕೊನಿಗಿ ಖರೇ ಮನಷಾನ ಪಾಳಿ. ನಾಲ್ವರಾಗ ಮೂವರು ಒಂದು ಸಲ ಆದ್ರೂ ಕಣ್ಣಿಗಿ ಕಂಡದ್ದು ಬಿಟ್ಟು ಮಂದಿ ಹೇಳಿದ್ದೇ ಹೇಳಿದ್ರಂತ. ಇದನ್ನ ನಾ ಓದಿದ್ದು ರಾತ್ರಿ, ಮುಂಜಾನಿ ಗಂಜ್‌ನಾಗ ನೋಡ್ದೆ. ಈಗ ರೇಟ್ ಟೆಂಡರ್ ಕಂಪ್ಯೂಟರ್ ಮ್ಯಾಲ ಆಗ್ತಾವ, ಆದ್ರ ಅದಕ್ಕಿಂತ ಮೊದಲ ಖರೀದಿದಾರರು ರಾಶಿ ರಾಶಿ ಅಡ್ಡಾಡಿ ಕೈಯಾಗ ಹಿಡ್ದು ನೋಡ್ತಾರಲ್ಲ, ಒಬ್ಬ ದೊಡ್ಡ ಕುಳ ಎರಡು ಕಾಳು ಬಾಯಾಗ ಹಾಕಿ ಕಡದು "ಹಸಿ ಅದ" ಅಂದ್ರ ಮುಗೀತು, ಹಿಂದ ಬಂದವರೆಲ್ಲಾ ಹಸಿ ಅದ ಹಸಿ ಅದ. ಅಂದು ಹಸಿ ಅಳಿಯೋ ಮೀಟರ್ ಹಚ್ಚಿದ್ರ ಕಾಳು ಒಣಾ ಇತ್ತು. ಆ್ಯಶ್ ಇನ್ನೊಂದು ಹೇಳ್ಯಾನ, ಗುಂಪಿನಾಗ ಒಬ್ಬನೇ ಒಬ್ಬ ಖರೇ ಉತ್ತರ ಹೇಳಿದ್ರೂ ಉಳಿದವಗ ಧೈರ್ಯ ಬರ್ತಾದ ಅಂತ. ಅವತ್ತಿಂದ ನಾ ಮೀಟರ್ ಹಿಡ್ಕೊಂಡು ರಾಶಿ ಬಾಜೂಕೇ ನಿಲ್ತೀನಿ, ಯಾವ ರೈತ ಇದ್ರೂ. ಕೋರ್ಸ್‌ನಿಂದ ಬಂದ ಖರೇ ಫಾಯದಾ ಕೇಳಿದ್ರ ಇದೊಂದು ಹೇಳ್ತೀನಿ.

ಹಾಥಾರ್ನ್ ಪ್ರಯೋಗನೂ ಹಂಗೇ. ಶಿಕಾಗೋ ಹತ್ರ ಒಂದು ಫ್ಯಾಕ್ಟರಿ, 1924ರಿಂದ 1932ರ ತನಕ, ದೀಪ ಜಾಸ್ತಿ ಮಾಡಿದ್ರೂ ಕೆಲಸ ಜಾಸ್ತಿ, ಕಮ್ಮಿ ಮಾಡಿದ್ರೂ ಕೆಲಸ ಜಾಸ್ತಿ, ಯಾರೋ ನಮ್ಮನ್ನ ನೋಡ್ಲತ್ತಾರ ಅನ್ನೋದೇ ಕಾರಣ ಅಂತ ಹೇಳ್ತಾರ. ಆ ಲೆಕ್ಕದಾಗ ಗಡಬಡಿ ಅದ ಅಂತ ಆಮ್ಯಾಲಿನವರು ಹೇಳ್ಯಾರ, ಅದು ನಮ್ಮ ಪಿಡಿಎಫ್‌ನಾಗ ಇಲ್ಲ, ನಾನೇ ಬ್ಯಾರೆ ಕಡಿ ಓದಿ ತಿಳ್ಕೊಂಡಿದ್ದು. ನಮ್ಮ ಸಾವ್ಕಾರ್ರು ತೂಕದ ಕಾಂಟಾ ಮ್ಯಾಲ ಸಿಸಿ ಕ್ಯಾಮರಾ ಹಾಕ್ಸಿದಾಗ ಒಂದು ವಾರ ಎಲ್ಲಾರೂ ಮದಿವಿ ಮನಿಗಿ ಬಂದವರಂಗ ಇದ್ರು, ಎಂಟನೇ ದಿನ ಅದೇ ಕ್ಯಾಮರಾ ಮ್ಯಾಲ ಒಬ್ಬ ಟವೆಲ್ ಒಣಾ ಹಾಕ್ಯಾನ.

ಹಿಂಗ ಪಾಠ ಒಂದು ಕಡಿ ಚಂದ ಇದ್ರ ಪರೀಕ್ಷಾ ಎಲ್ಲಾ ಹಾಳು ಮಾಡ್ತಾದ. ಅಸೈನ್‌ಮೆಂಟ್‌ಗಿ 30, ಪರೀಕ್ಷಾಕ್ಕ 70, ಆ 70ರಾಗ ಭಾಳ ಭಾಗ ಟಿಕ್ ಹಾಕೋದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ನಮ್ಮ ಮೈಸೂರವರು, 1948ರಾಗ ಮೈಸೂರು ಕಡಿ ಒಂದು ಹಳ್ಳ್ಯಾಗ ಇದ್ದು ನೋಡಿ ಬರ್ಕೊಂಡವರು, 1970ರಾಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಾಗ ಬೆಂಕಿ ಬಿದ್ದು ತಯಾರ ಮಾಡಿಟ್ಟ ನೋಟ್ಸ್ ಸುಟ್ಟು ಹೋದ್ವು, ಅಲ್ಲಿ ಇದ್ದು ಬಂದ ಇಪ್ಪತ್ತು ವರ್ಷದ ಮ್ಯಾಲ ಆ ಊರನ್ನ ನೆನಪಿನಿಂದನೇ ಮತ್ತ ಬರ್ದ್ರು. ಇಂಥಾ ಮನಷಾನ ಬಗ್ಗೆ ನಮಗ ಬಂದ ಪ್ರಶ್ನಿ ಏನು? ಹುಟ್ಟಿದ ವರ್ಷ ಯಾವುದು. 1916 ಅಂತ ಟಿಕ್ ಹಾಕ್ದೆ, ಎರಡು ಮಾರ್ಕ್ಸ್ ಬಂತು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಂ 1897ರಾಗ ಆತ್ಮಹತ್ಯಾ ಬಗ್ಗೆ ಬರೆದದ್ದೂ ಅಷ್ಟೇ. ಅದು ಬರೇ ಒಬ್ಬನ ಮನಸಿನ ಮಾತಲ್ಲ, ಸಮಾಜ ಅವನ್ನ ಎಷ್ಟು ಹಿಡ್ಕೊಂಡಾದ ಅನ್ನೋದರ ಮಾತು ಅಂತ ಅವ ಹೇಳಿದ್ದು ಓದಿ ನನಗ ಒಂದಿಬ್ಬರು ರೈತರ ಮುಖ ಕಣ್ಮುಂದ ಬಂತು. ವಿಡಿಯೋದಾಗ ಯುರೋಪಿನ ಪ್ರೊಟೆಸ್ಟಂಟರು, ಕ್ಯಾಥಲಿಕ್ಕರು ಅಷ್ಟೇ. ನಮ್ಮ ಕಡಿ ಬರ, ಸಾಲ, ಒಂದು ಅಕ್ಷರ ಇಲ್ಲ.

ಪರೀಕ್ಷಾ ಮನ್ಯಾಗೇ, ಲ್ಯಾಪ್‌ಟಾಪ್ ಕ್ಯಾಮರಾ ಆನ್ ಇಟ್ಟು. ಕೋಣ್ಯಾಗ ಯಾರೂ ಬರಬಾರದು, ಕಣ್ಣು ಅತ್ಲಾಗ ಇತ್ಲಾಗ ಹೋಗಬಾರದು, ಸಪ್ಪಳ ಆಗಬಾರದು. ಕಲಬುರಗಿ ಬ್ಯಾಸಿಗ್ಯಾಗ ಕೂಲರ್ ಇಲ್ದ ಯಾರರೇ ಕೂಡ್ತಾರೇನ್ರಿ? ಕೂಲರ್ ಸಪ್ಪಳಕ್ಕ ಎರಡು ವಾರ್ನಿಂಗ್ ಬಂತು, ಬಂದ್ ಮಾಡ್ದೆ, ಬೆವರು ವರ್ಸ್ಕೋಳ್ಲಿಕ್ಕಿ ಮುಖದ ಮ್ಯಾಲ ಟವೆಲ್ ಇಟ್ಟೆ, ಮುಖ ಕಾಣವಲ್ದು ಅಂತ ಮತ್ತೊಂದು ವಾರ್ನಿಂಗ್. ಅಷ್ಟ್ರಾಗ ಅವ್ವ ಚಾ ಹಿಡ್ಕೊಂಡು ಬಂದ್ಲು, "ಒಬ್ಬನೇ ಕುಂತು ಯಾರ ಜೋಡಿ ಮಾತಾಡ್ಲತ್ತಿ" ಅಂತ, ಸ್ಕ್ರೀನ್ ಮ್ಯಾಲ ಕೆಂಪು ಅಕ್ಷರ, ಎರಡು ಮುಖ ಕಾಣ್ಲತ್ತಾವ ಅಂತ. ಆಗ ನನ್ನ ಮುಂದಿದ್ದ ಪ್ರಶ್ನಿ ಗಾಫ್‌ಮನ್ ಅನ್ನೋ ಸಮಾಜಶಾಸ್ತ್ರಜ್ಞಂದು, ಮನಷಾ ಮಂದಿ ಮುಂದ ಒಂದು ವೇಷ, ಪರದೆ ಮರಿಗಿ ಹೋದ್ರ ಇನ್ನೊಂದು ವೇಷ ಹಾಕ್ತಾನ ಅಂತ ಅವ 1959ರಾಗ ಬರೆದದ್ದು. ನನ್ನ ಮರಿಯೇ ಕೈಯಾಗ ಚಾ ಹಿಡ್ಕೊಂಡು ಸ್ಟೇಜ್ ಮ್ಯಾಲ ಬಂದು ನಿಂತಿತ್ತು. ಆ ಪೇಪರ್ ಒಂದು ತಿಂಗಳು ರಿವ್ಯೂ ಅಂತ ಇಟ್ಟು ಆಮ್ಯಾಲ ಪಾಸ್ ಮಾಡಿದ್ರು. ಅಲ್ಲೀತನ ನಾ ಹಾಕಿದ ದೂರಿನ ಟಿಕೆಟ್‌ಗಳಿಗಿ ಬಂದ ಉತ್ತರ ಎಲ್ಲಾ ಒಂದೇ ನಮೂನಿ, "ಡಿಯರ್ ಲರ್ನರ್" ಅಂತ ಶುರು, ಒಳಗ ಏನೂ ಇಲ್ಲ.

ಕೊನಿ ಸೆಮಿಸ್ಟರ್ ಪ್ರಾಜೆಕ್ಟ್. ನಾ ತಗೊಂಡಿದ್ದು ನನ್ನ ಹಳೀ ಪ್ರಶ್ನಿನೇ, ರೈತ ಒಂದೇ ಅಡತಿ ಅಂಗಡಿಗಿ ಯಾಕ ಬರ್ತಾನ. ಗೈಡ್ ಎರಡು ಸಲ ಸಿಕ್ಕಿದ್ರು, ಎರಡೂ ಸಲ ಹತ್ತತ್ತು ನಿಮಿಷ, "ಗುಡ್, ಪ್ರೊಸೀಡ್". ಪ್ರಶ್ನಾವಳಿ ಹೆಂಗ ಮಾಡ್ಬೇಕು ಅಂತ ಪಿಡಿಎಫ್‌ನಾಗ ಇತ್ತು, 24 ಪ್ರಶ್ನಿ ಮಾಡಿ ಜೆರಾಕ್ಸ್ ಮಾಡ್ಸಿ ಅಂಗಡ್ಯಾಗ ಕುಂತೆ. ಮೊದಲ ಹತ್ತು ಮಂದಿ ಉತ್ತರ ಒಂದೇ ಕಿಸಿಮ್, ಸಾವ್ಕಾರ್ರು ದೇವರಂಥವರು, ರೇಟ್ ಚೊಲೋ ಕೊಡ್ತಾರ, ತೂಕ ಬರೋಬರ್. ನನಗೇ ಗೊತ್ತು ಅದು ಸುಳ್ಳು, ಯಾಕಂದ್ರ ಅದೇ ಮಂದಿ ಹಿಂದಿನ ವಾರ ನನ್ನ ಮುಂದೇ ತೂಕಕ್ಕ ಜಗಳಾ ಮಾಡ್ಯಾರ. ಸಾವ್ಕಾರ್ರ ಗಾದಿ ಬಾಜು ಕುಂತು ಸಾವ್ಕಾರ್ರ ಮುನೀಮ ಕೇಳಿದ್ರ ಇನ್ನೇನು ಹೇಳ್ತಾರ.

ಹನ್ನೊಂದನೆಯವರು ಜೇವರ್ಗಿ ಕಡಿ ಒಬ್ಬ ಮುತ್ಯಾ. ನಾ ಹಾಳಿ ತಗದೆ. ಮುತ್ಯಾ ಹಾಳಿ ನೋಡಿದ, ನನ್ನ ನೋಡಿದ, "ಹಾಳ್ಯಾಗ ಬರ್ಕೋಳೋದಿದ್ರ ಎಲ್ಲಾ ಚೊಲೋ ಅದ ಅಂತ ಬರ್ಕೋ. ಕೇಳೋದಿದ್ರ ಹಾಳಿ ಮಡಚಿಡು, ಹೊರಗ ಬಾ" ಅಂದ. ಹಾಳಿ ಮಡಚಿಟ್ಟೆ. ಬಂಡಿ ನೆರಳಿಗಿ ಕುಂತ್ವಿ, ಅವ ಎಲಿ ಅಡಿಕಿ ತಗದ. ಹೇಳಿದ, ಮಗಳ ಮದಿವಿಗಿ ರೊಕ್ಕ ಇದೇ ಅಂಗಡ್ಯಾಗ ತಗೊಂಡಿದ್ದು, ದವಾಖಾನಿಗಿ ಹೋದಾಗ ರಾತ್ರಿ ಹನ್ನೊಂದಕ್ಕ ಈ ಸಾವ್ಕಾರ್ರ ಅಪ್ಪ ಬಾಗಿಲಾ ತಗದು ರೊಕ್ಕ ಕೊಟ್ಟಿದ್ದು, ಬ್ಯಾಂಕು ರಾತ್ರಿ ತಗೀತಾದೇನು ಅಂತ. ಅದೇ ಉಸಿರಿನಾಗ ಹೇಳಿದ, ಬಾಜು ಅಂಗಡ್ಯಾಗ ಕ್ವಿಂಟಲ್‌ಗಿ ನೂರು ಹೆಚ್ಚು ಸಿಗ್ತಿತ್ತು, ನನಗೂ ಗೊತ್ತದ, ಆದ್ರ ನೂರು ರೂಪಾಯಿ ಸಲುವಾಗಿ ಅಲ್ಲಿಗಿ ಹೋದ್ರ ನಾಳಿ ರಾತ್ರಿ ಹನ್ನೊಂದಕ್ಕ ಯಾರ ಬಾಗಿಲಾ ಬಡೀಲಿ? "ಇದು ಇಸ್ವಾಸ ಅಲ್ಲ ತಮ್ಮಾ, ಕಟ್ಟು. ಗೂಟಕ್ಕ ಎತ್ತು ಕಟ್ಟಿದಂಗ. ಆದ್ರ ಗೂಟ ಕೊಟ್ಟಿಗ್ಯಾಗದ, ಮಳಿ ಬಂದ್ರ ಆಸರಾ, ಅದೂ ಖರೇ."

ನಾ ಕೇಳ್ದೆ, ಮುತ್ಯಾ ಇದು ಹೆಸರಿಲ್ದಂಗ ಬರ್ಕೋಳ್ಲೇನು. "ಬರ್ಕೋ, ಊರ ಹೆಸರೂ ತಗೀ" ಅಂದ. ತಗದೀನಿ, ಮ್ಯಾಲ ಬರೆದದ್ದು ತಾಲೂಕು ಅಷ್ಟೇ. ಆ 24 ಪ್ರಶ್ನಿ ಹಾಳಿ ಎಲ್ಲಾ ಒಗದು ಮುಂದಿನ ಎರಡು ತಿಂಗಳು ಹಿಂಗೇ ಹೊರಗ ಕುಂತು ಮಾತಾಡಿ, ಮೊದಲ ಕೇಳಿ ಆಮ್ಯಾಲ ಬರ್ದೆ. ಪ್ರಾಜೆಕ್ಟ್‌ಗಿ ನೂರಕ್ಕ 61 ಬಂತು, ಸ್ಯಾಂಪಲ್ ಸಾಲದು, ಟೇಬಲ್ ಇಲ್ಲ ಅಂತ ಷರಾ. ಟೇಬಲ್ ಹಾಕಿ ಸುಳ್ಳು ಉತ್ತರ ಕೊಟ್ಟಿದ್ರ 80 ಬರ್ತಿತ್ತೇನೋ. ಮನಷಾನ ನಡವಳಿಕಿ ಕಲಿಸೋ ಕೋರ್ಸ್‌ನಾಗ ಒಬ್ಬ ಮನಷಾನ ಎದುರಿಗಿ ಹೆಂಗ ಕೂಡ್ಬೇಕು ಅನ್ನೋದು ಒಂದು ವಿಡಿಯೋದಾಗೂ ಇಲ್ಲ, ಇದೇ ನನ್ನ ದೊಡ್ಡ ತಕರಾರು. ನನಗ ಗಂಜ್ ಇತ್ತು, ನಡೀತು. ಡಿಗ್ರಿ ಮುಗಿಸಿ ಮನ್ಯಾಗ ಕುಂತ ಹುಡುಗ ಹುಡುಗಿಯರು ಬರೇ ಸ್ಕ್ರೀನ್ ನೋಡಿ ಇದನ್ನ ಮುಗಿಸಿದ್ರ ಏನು ತಿಳ್ಕೋತಾರೋ ನನಗಂತೂ ಗೊತ್ತಾಗವಲ್ದು.

ಈಗ ಎಲ್ಲಾರೂ ಕೇಳೋ ಪ್ರಶ್ನಿ, ಸೈಕಾಲಜಿ ಆನ್‌ಲೈನ್ ಮಾಡ್ಲೇನು ಅಂತ. ಮಾಡ್ಲಿಕ್ಕಿ ಬರಂಗಿಲ್ಲ. 2025ರ ಜುಲೈ-ಆಗಸ್ಟ್ ಸೆಷನ್‌ನಿಂದ ಯುಜಿಸಿ, ಅಂದ್ರ ಯೂನಿವರ್ಸಿಟಿಗಳ ಮ್ಯಾಲ ನಿಗಾ ಇಡೋ ಕೇಂದ್ರದ ಆಯೋಗ, ಸೈಕಾಲಜಿನ ಆನ್‌ಲೈನ್, ಡಿಸ್ಟನ್ಸ್ ಎರಡೂ ಕಡಿ ಬಂದ್ ಮಾಡ್ಯಾದ, 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಅಡಿ ಅದು ಬರ್ತಾದಂತ. ಯಾರರೇ ಫೋನ್ ಮಾಡಿ ಹೊಸ ಅಡ್ಮಿಷನ್ ಕೊಡ್ತೀವಿ ಅಂದ್ರ ಫೋನ್ ಇಡ್ರಿ. ಸೈಕಾಲಜಿನೇ ಬೇಕಂದ್ರ ಕ್ಲಾಸಿಗಿ ಹೋಗಿ ಓದ್ರಿ, ನಮ್ಮ ಆಳಂದ ರೋಡಿಗಿ ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿದಾಗ ಆ ಡಿಪಾರ್ಟ್‌ಮೆಂಟ್ ಅದ.

ಸೋಷಿಯಾಲಜಿ ಮಾಡೋರು ಫೀ ಕಟ್ಟೋಕಿಂತ ಮೊದಲ ಯುಜಿಸಿ ಡಿಸ್ಟನ್ಸ್ ಬ್ಯೂರೋ ವೆಬ್‌ಸೈಟ್‌ನಾಗ ಯೂನಿವರ್ಸಿಟಿ ಹೆಸರಷ್ಟೇ ಅಲ್ಲ, ಕೋರ್ಸಿನ ಹೆಸರೂ ಆ ಸೆಷನ್ನಿಗಿ ಅದನೋ ಇಲ್ಲೋ ನೋಡ್ರಿ. ಈಗ ಎಬಿಸಿ ಐಡಿ (ಕ್ರೆಡಿಟ್ ಜಮಾ ಆಗೋ ಖಾತಿ), ಡೆಬ್ ಐಡಿ (ಅದೇ ಡಿಸ್ಟನ್ಸ್ ಬ್ಯೂರೋದ ನಂಬರ್) ಎರಡೂ ಬೇಕು, ನೀವೇ ಮಾಡ್ಕೋರಿ, ಕೌನ್ಸಿಲರ್ ಕೈಗಿ ಓಟಿಪಿ ಕೊಡಬ್ಯಾಡ್ರಿ. ದಿಲ್ಲಿ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಪುಸ್ತಕ ಎಲ್ಲಾ ಅವರ ಇ-ಜ್ಞಾನಕೋಶ ವೆಬ್‌ಸೈಟ್‌ನಾಗ ಪುಕ್ಕಟೆ ಸಿಗ್ತಾವ, ನಮ್ಮ ಪಿಡಿಎಫ್‌ಕಿಂತ ಎಷ್ಟೋ ಚೊಲೋ ಇದ್ವು, ನಾ ಅರ್ಧ ಕೋರ್ಸ್ ಅದನ್ನೇ ಓದಿ ಪಾಸ್ ಆಗೀನಿ. ಕನ್ನಡದಾಗ ಬರಿಯೋರಿಗಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಅದ, ನನಗ ಆವಾಗ ಯಾರೂ ಹೇಳಿಲ್ಲ, ಹೇಳಿದ್ರ ಅಲ್ಲೇ ಸೇರ್ತಿದ್ದೆ. ಸುಮ್ನ ರುಚಿ ನೋಡೋರು ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಾಗ ಒಂದು ಕೋರ್ಸ್ ಮಾಡ್ರಿ, ಪಾಠಕ್ಕ ರೊಕ್ಕ ಇಲ್ಲ, ಪರೀಕ್ಷಾ ಬರದ್ರಷ್ಟೇ ಫೀ.

ಡಿಗ್ರಿ ನಡೀತಾದೇನು ಅಂತ ಕೇಳಿದ್ರ, ನಡೀತಾದ. ಮಾನ್ಯತಾ ಇದ್ದ ಆನ್‌ಲೈನ್ ಡಿಗ್ರಿ ರೆಗ್ಯುಲರ್‌ಕ್ಕ ಸಮಾನ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನಾಗೇ ಹೇಳ್ಯಾದ, ಲೆಕ್ಚರರ್ ಆಗ್ಲಿಕ್ಕಿ ಬರಿಯೋ ನೆಟ್ ಪರೀಕ್ಷಾ ಬರೀಬಹುದು, ಜನರಲ್‌ನವರಿಗಿ 55 ಪರ್ಸೆಂಟ್ ಬೇಕು, ನನ್ನವು 58 ಬಂದಾವ. ಆದ್ರ ಪ್ರೈವೇಟ್ ಕಾಲೇಜಿಗಿ ಇಂಟರ್‌ವ್ಯೂಗಿ ಹೋದ ನನ್ನ ದೋಸ್ತಗ "ಓ ಆನ್‌ಲೈನಾ" ಅಂತ ಹಲ್ಲು ಕಿರ್ದು ಕಳಿಸ್ಯಾರ, ಅದನ್ನೂ ಹೇಳೀನಿ ಮತ್ತ.

ನಮ್ಮ ಸಾವ್ಕಾರ್ರು ಸರ್ಟಿಫಿಕೇಟ್ ಕೈಯಾಗ ಹಿಡ್ದು ಹಿಂದ ಮುಂದ ನೋಡಿ, ಫ್ರೇಮ್ ಹಾಕ್ಸು ಅಂದ್ರು, ಪಗಾರ ಮಾತ್ರ ಎತ್ತಲಿಲ್ಲ. ಪ್ರಾಜೆಕ್ಟ್ ಓದ್ಲಿಕ್ಕಿ ಕೇಳ್ಯಾರ, ಇನ್ನಾ ಕೊಟ್ಟಿಲ್ಲ. ಮುತ್ಯಾನ ಮಾತಿರೋ ಎರಡು ಪುಟ ತಗದು ಕೊಡ್ಲೋ ಹಂಗೇ ಕೊಡ್ಲೋ ಅಂತ ನೋಡ್ಲತ್ತೀನಿ. ಕೇಳೋದಿದ್ರ ಕೇಳ್ರಿ, ತೊಗರಿ ಬರ್ಲಿಕ್ಕಿ ಶುರು ಆದ್ಮ್ಯಾಲ ಉತ್ತರ ಮಾರ್ಚ್‌ಕ್ಕೇ.